ಅಂಗಾಲಲ್ಲಿ ಬುದ್ಧಿಯಿದ್ದ ನಮ್ಮ ಮಾಮಾ

ನಮ್ಮ ಸೋದರಮಾವನ ತಲೆಯಲ್ಲಿ ಬುದ್ಧಿ ಇದೆಯೋ ಇಲ್ಲವೋ, ಅದನ್ನು ಮೂವತ್ತೈದು ವರ್ಷ ಅವನೊಂದಿಗೆ ಸಂಸಾರ ಮಾಡಿದ ನಮ್ಮ ಅತ್ತೆಯೇ ಹೇಳಬೇಕು. ಆದರೆ ಅವನ ಅಂಗಾಲಿನಲ್ಲಿ ಬುದ್ಧಿ ಇದೆ ಎಂಬುದಕ್ಕೆ ಇಡೀ ಬ್ಯಾಡಗಿ ಮಾರುಕಟ್ಟೆಯೇ ಸಾಕ್ಷಿ! ನಗುತ್ತೀರಾ? ನಗಿ, ನಗಿ. ನಾನೂ ಬಹಳ ವರ್ಷ ನಕ್ಕಿದ್ದೇನೆ.

ಮಾಮಾ ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿದವನಲ್ಲ. (ಹುಟ್ಟುವಾಗಲೇ ಯಾರು ಮೆಟ್ಟಿಕೊಂಡು ಬರುತ್ತಾರೆ ಎಂದು ಕೇಳಬೇಡಿ, ಮಾತಿಗೆ ಹೇಳಿದೆ.) ಅವನ ಕೆಲಸ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ. ರೈತರು ತಂದು ಸುರಿದ ಮೆಣಸಿನಕಾಯಿ ಸರಿಯಾಗಿ ಒಣಗಿದೆಯೋ ಇಲ್ಲವೋ ಹೇಳಬೇಕು. ತಪ್ಪಿ ಹಸಿಕಾಯಿ ಸೇರಿದರೆ ಚೀಲಕ್ಕೆ ಚೀಲವೇ ಬೂಷ್ಟು ಹಿಡಿಯುತ್ತದೆ. ಉಳಿದವರು ಮುಷ್ಟಿಯಲ್ಲಿ ಹಿಂಡಿ, ಮೂಸಿ, ಮುರಿದು ನೋಡುತ್ತಾರೆ. ಮಾಮಾ ಧೋತರ ಎತ್ತಿ ಕಟ್ಟಿ ರಾಶಿಯೊಳಗೇ ಇಳಿದುಬಿಡುತ್ತಾನೆ! ರಾಶಿ ಎಂದರೆ ಲಕ್ಷ್ಮಿ, ಚಪ್ಪಲಿ ಕಾಲಲ್ಲಿ ಅದನ್ನು ತುಳಿಯುವವರು ಅಲ್ಲಿ ಯಾರೂ ಇಲ್ಲ. ಮೊಣಕಾಲುದ್ದ ಕೆಂಪಿನಲ್ಲಿ ಕಣ್ಣು ಮುಚ್ಚಿ ನಿಂತು, ಒಳಗೇ ಬೆರಳಾಡಿಸಿ ತೀರ್ಪು ಕೊಡುತ್ತಾನೆ.

"ಮ್ಯಾಲಿಂದು ಛಲೋ ಒಣಗೇತಿ. ತಳದಾಗ ತಂಪ ಐತಿ. ಮಂಜಿನ್ಯಾಗ ಬಿಟ್ಟಿದ್ದೇನೋ ತಮ್ಮಾ?"

ರೈತ ತಬ್ಬಿಬ್ಬು. "ಹೌದ್ರಿ, ಒಂದಿನ ತಾಡಪಾಲ ಹೊಚ್ಚೂದು ಮರತ್ವಿ. ನಿಮಗ ಯಾರ ಹೇಳಿದ್ರು?"

"ಕಾಲು ಹೇಳ್ತು!"

ಇಂಥ ಕಾಲು ಸಂಜೆ ಮನೆಗೆ ಬಂದರೆ ಏನಾಗಬೇಡ? ಅವನು ಓಡಾಡಿದ ದಾರಿಯನ್ನು ಅತ್ತೆ ಸೀನಿನ ಸದ್ದಿನಿಂದಲೇ ಪತ್ತೆ ಹಚ್ಚುತ್ತಾಳೆ. ಪಡಸಾಲೆಯಲ್ಲಿ ಕುಳಿತ ನೆಂಟರು ಸೀನಿದರೆ ಮಾಮಾ ಬಂದ. ಅಡುಗೆಮನೆಯಲ್ಲಿ ಬೆಕ್ಕು ಸೀನಿದರೆ ಬೆಲ್ಲದ ಡಬ್ಬಿಗೆ ಕೈ ಹಾಕಿದ! "ಕಾಲ ತೊಳಕೊಂಡ ಬರ್ರಿ ಅಂದ್ರ ಕೇಳೂದಿಲ್ಲ, ನೆಲದ ತುಂಬ ಕೆಂಪ ಹೆಜ್ಜಿ!" ಎಂದು ಅತ್ತೆ ಒರೆಸುತ್ತಾಳೆ. ಅವಳ ಮುಂದೆ ಮುಂದೆ ಮಾಮಾ ಇನ್ನಷ್ಟು ಹೆಜ್ಜೆ ಮೂಡಿಸುತ್ತಾ ಹೋಗುತ್ತಾನೆ.

ರಾಣೆಬೆನ್ನೂರಿನಲ್ಲಿ ನನ್ನ ಮದುವೆ. ಬೀಗರ ಮುಂದೆ ನಮ್ಮ ಮರ್ಯಾದೆ ಉಳಿಸು ಎಂದು ನಾನೇ ಅವನ ಕಾಲಿಗೆ ಬಿದ್ದು (ಆ ಕಾಲಿಗೇ!) ಹೊಸ ಚಪ್ಪಲಿ ಕೊಡಿಸಿದೆ. ಬಂದ, ಚಪ್ಪಲಿ ಸಮೇತ ಬಂದ. ಕೈಚೀಲದಲ್ಲಿ ಇಟ್ಟುಕೊಂಡು! "ನೀ ಪ್ರೀತಿಲೆ ಕೊಡಿಸಿದ್ದು. ಮೆಟ್ಟಿದ್ರ ಸವೀತಾವಲ್ಲ?" ಎಂದ. ಊಟಕ್ಕೆ ಕುಳಿತಾಗಲೂ ಚೀಲ ತೊಡೆಯ ಮೇಲೇ ಇತ್ತು.

ಉಂಡು ಹೊರಗೆ ಬಂದರೆ, ಕಲ್ಯಾಣಮಂಟಪದ ಬಾಗಿಲಲ್ಲಿದ್ದ ಅಷ್ಟೂ ಚಪ್ಪಲಿ ಮಾಯ! ಏಪ್ರಿಲ್ ಬಿಸಿಲು, ಕಾದ ಸಿಮೆಂಟಿನ ಅಂಗಳ. ಬೀಗರೆಲ್ಲ ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಜಿಗಿಯತೊಡಗಿದರು. ಇನ್ನೂ ಒಳಗೇ ಇದ್ದ ನಮ್ಮ ಕಡೆಯವರು, ಬೀಗರು ಖುಷಿಗೆ ಕುಣಿಯುತ್ತಿದ್ದಾರೆ ಎಂದುಕೊಂಡು ಬ್ಯಾಂಡಿನವರನ್ನು ಕರೆಸಿದರು! ಆ ಗದ್ದಲದಲ್ಲಿ ಮಾಮಾ ಆರಾಮಾಗಿ ಅಂಗಳ ದಾಟಿ, ನನ್ನ ಗಂಡನ ದೊಡ್ಡಪ್ಪನ ಕಾಲಿಗೆ ತನ್ನ ಹೊಸ ಚಪ್ಪಲಿ ತೊಡಿಸಿದ. "ನಿಮ್ಮ ಮಾಮಾ ಅಂದ್ರ ದೇವರಂಥಾ ಮನಷ್ಯಾ" ಎಂದು ಆ ದೊಡ್ಡಪ್ಪ ಇಂದಿಗೂ ಹೊಗಳುತ್ತಾರೆ. ಚಪ್ಪಲಿ ಮಾತ್ರ ಇಂದಿಗೂ ವಾಪಸ್ ಕೊಟ್ಟಿಲ್ಲ.

ಈ ಸಲ ಸಂಕ್ರಾಂತಿಗೆ ಬ್ಯಾಡಗಿಗೆ ಹೋಗಿದ್ದೆ. ಮಾಮಾ ಮಾರುಕಟ್ಟೆಯಿಂದ ಬಂದ. ಎಂದಿನಂತೆ ನೆಲದ ಮೇಲೆ ಕೆಂಪು ಹೆಜ್ಜೆ, ಎಂದಿನಂತೆ ಅತ್ತೆಯ ಬೈಗುಳ, ಒರೆಸುವ ಬಟ್ಟೆ. ಒರೆಸುತ್ತ ಒರೆಸುತ್ತ ಅತ್ತೆಯ ಕೈ ನಿಂತಿತು. ಬಟ್ಟೆ ಅಂಟುತ್ತಿತ್ತು. ಬೆಕ್ಕು ಅಲ್ಲೇ ಕುಳಿತಿತ್ತು, ಸೀನಲಿಲ್ಲ.

ಅದು ಖಾರವಲ್ಲ, ರಕ್ತ. ಹಿಮ್ಮಡಿಯಲ್ಲಿ ಹೆಬ್ಬೆರಳುದ್ದದ ಗಾಜಿನ ಚೂರು! "ಇದ್ಯಾವಾಗ ಹೊಕ್ಕೇತಿ?" ಎಂದು ಮಾಮಾ ಬೇರೆ ಯಾರದೋ ಕಾಲು ನೋಡುವಂತೆ ತನ್ನ ಕಾಲು ನೋಡಿದ.

ಮರುದಿನವೇ ಹಾವೇರಿಗೆ ಕರೆದುಕೊಂಡು ಹೋದೆ. ದವಾಖಾನೆಯ ಬಾಗಿಲಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂಬ ಫಲಕ ಕಂಡು ಮಾಮಾ ಹಿಗ್ಗಿದ. "ನೋಡು, ಶಾಣ್ಯಾ ಡಾಕ್ಟರು!" ಆ ಶಾಣ್ಯಾ ಡಾಕ್ಟರು ಅವನ ಕಣ್ಣು ಮುಚ್ಚಿಸಿ, ಅಂಗಾಲಿಗೆ ಕಡ್ಡಿ ಮುಟ್ಟಿಸಿದಾಗ ಹೇಳಿ ಎಂದರು. ಅವರು ಕಡ್ಡಿ ಕೈಗೆತ್ತಿಕೊಳ್ಳುವ ಮೊದಲೇ ಮಾಮಾ "ಹಾಂ, ಗೊತ್ತಾತು" ಅಂದ. ಮುಟ್ಟಿಸಿದಾಗ ಸುಮ್ಮನಿದ್ದ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಸಕ್ಕರೆ ಕಾಯಿಲೆ, ಅಂಗಾಲಿನ ಸ್ಪರ್ಶ ಹೋಗಿದೆ, ಇನ್ನು ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಬಾರದು ಎಂದರು ಡಾಕ್ಟರು. ಬಾಗಿಲ ಫಲಕದ ಮುಂದೆಯೇ ಮಾಮಾ, ನಾನು ಕೊಂಡು ತಂದ ಮೆತ್ತನೆಯ ಚಪ್ಪಲಿಯನ್ನು ಮೊದಲ ಸಲ ಮೆಟ್ಟಿದ.

ಬಸ್ಸಿನಲ್ಲಿ ಹೊಸ ಚಪ್ಪಲಿ ನೋಡುತ್ತ ಬಾಯಿ ಬಿಟ್ಟ. "ಕಾಲು ಮಾತಾಡೂದು ಬಿಟ್ಟು ಭಾಳ ದಿನ ಆಗಿತ್ತು. ಈ ವರ್ಷೆಲ್ಲಾ ಅಂದಾಜಿನ ಮ್ಯಾಲ ಹೇಳಾಕತ್ತೇನಿ. ಯಾರಿಗರ ಹೆಂಗ ಹೇಳ್ಲಿ? ನನಗ ಬರತಿದ್ದದ್ದು ಅದೊಂದ."

ಶಿವರಾತ್ರಿ ಹೊತ್ತಿಗೆ ಅವನನ್ನು ನೋಡಲು ಮಾರುಕಟ್ಟೆಗೇ ಹೋದೆ. ಗುತ್ತಲದ ರೈತನೊಬ್ಬ ರಾಶಿ ಸುರಿದು ಕಾಯುತ್ತಿದ್ದ. ಮಾಮಾ ಚಪ್ಪಲಿ ಮೆಟ್ಟಿ ರಾಶಿಯ ಅಂಚಿನಲ್ಲಿ ನಿಂತಿದ್ದ. ಚಪ್ಪಲಿ ಹಾಕಿ ಇಳಿಯುವಂತಿಲ್ಲ, ಬಿಟ್ಟು ಇಳಿದರೆ ಉಪಯೋಗವಿಲ್ಲ. ಸುತ್ತಲಿದ್ದವರು ಅವನ ಮುಖವನ್ನೇ ನೋಡುತ್ತಿದ್ದರು. ಅವನು ನನ್ನ ಮುಖ ನೋಡಿದ. ಹತ್ತಿರ ಬಂದು ಮೆಲ್ಲಗೆ, "ನೀ ಒಂದೀಟು ಇಳೀತಿಯೇನವಾ?" ಎಂದ.

ನಾನು ಎತ್ತರ ಹಿಮ್ಮಡಿಯ ಚಪ್ಪಲಿ ಕಳಚಿ, ಸೀರೆ ಎತ್ತಿ ಹಿಡಿದು ಇಳಿದೇಬಿಟ್ಟೆ! ಅಬ್ಬಾ, ಆ ಗರಗರ ಸದ್ದು, ಕೆಳಗೆ ಹೋದಂತೆ ಬೆಚ್ಚನೆಯ ಕಾಯಿ! ಬಲಗಡೆ ಮಾತ್ರ ಕಾಲಿಗೆ ಸದ್ದೇ ಇಲ್ಲ. "ಮಾಮಾ, ಬಲಕ್ಕ ತಂಪ ಐತಿ. ಬಗ್ಗತಾವ, ಮುರಿವಲ್ಲವು." ಮಾಮಾ ಕಣ್ಣು ಮುಚ್ಚಿ ಕೇಳಿ, ಹಳೆಯ ಗತ್ತಿನಲ್ಲೇ ಕೂಗಿದ. "ಬಲಗಡೀದು ಬ್ಯಾರೆ ಹರವ್ರಿ, ಇನ್ನೆರಡ ದಿನ ಬಿಸಲು ಬೇಕು!" ರೈತ ಕೈಹಾಕಿ ನೋಡಿ ತಲೆಯಾಡಿಸಿದ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಬೆಂಕಿ ಹೊತ್ತಿದಂತೆ ಎರಡೂ ಅಂಗಾಲು ಉರಿಯುತ್ತಿದ್ದವು. ಮಾಮಾ ಕೊಡ ತಂದು, ನನ್ನ ಕಾಲ ಬಳಿ ಕುಳಿತು, ಬೇಡವೆಂದರೂ ಕೇಳದೆ ನೀರು ಹಾಕತೊಡಗಿದ.

"ಉರೀತಾವೇನು?"

"ಭಾಳ ಉರೀತಾವ ಮಾಮಾ."

ಅವನು ನನ್ನ ಅಂಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಉರೀಲಿ ಬಿಡವಾ," ಎಂದ. "ಉರಿಯೂದು ಛಲೋ."