ಐದನೆಯ ಮೊಸರು ಡಬ್ಬಿ

ಹಸಿದು ಹಲಸು, ಉಂಡು ಮಾವು. ಎರಡೂ ಸಿಗದಿದ್ದರೆ ನೆರೆಮನೆಯ ಡಬ್ಬಿಯ ಮುಚ್ಚಳ ತೆಗೆದು ನೋಡು. ಗಾದೆಯ ಬಾಲ ಎಲ್ಲೂ ಕೇಳಿಲ್ಲ ಅನ್ನುತ್ತೀರಾ? ಸರಿ, ಆದರೆ ಅದು ಹುಟ್ಟಿದ್ದು ಹೇಗೆಂದು ಹೇಳುವ ಈ ಕತೆ ಮಾತ್ರ ಅಪ್ಪಟ ನಿಜ. ನಂಬದಿದ್ದರೆ ಕಡಲಾಚೆಯ ಊರಾದ ಶೋರ್‌ಲೈನ್‌ನ ಸಲೀಂನನ್ನು ಕೇಳಿ. ಅವನು ಈಗಲೂ ಮೊಸರು ಡಬ್ಬಿ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಸಲೀಂ ಪಕ್ಕದೂರು ಬಾಥೆಲ್‌ನ ಒಂದು ಸಣ್ಣ ಪ್ರಯೋಗಾಲಯದಲ್ಲಿ ವಿಜ್ಞಾನಿ. ಹಸಿವಿನ ಹಾರ್ಮೋನು ದೇಹದಲ್ಲೆಲ್ಲ ಸುತ್ತಿ ಕೊನೆಗೆ ತಟ್ಟುವ ಬಾಗಿಲಿಗೆ ರಿಸೆಪ್ಟರ್ ಎನ್ನುತ್ತಾರೆ. ಆ ಬಾಗಿಲು ಯಾವ ಅಂಗಾಂಶದಲ್ಲಿದೆ ಎಂದು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುವ ಆಂಟಿಬಾಡಿಯೊಂದನ್ನು ಅವನು ಎರಡು ವರ್ಷದಿಂದ ಸಾಕುತ್ತಿದ್ದ. ಮೊದಲ ಮೂರು ಬ್ಯಾಚುಗಳು ಮದುವೆಮನೆಯ ದೂರದ ನೆಂಟರಂತೆ ಸಿಕ್ಕಸಿಕ್ಕವರಿಗೆಲ್ಲ ಅಂಟಿಕೊಂಡು ಮಾನ ಕಳೆದವು. ನಾಲ್ಕನೆಯದು ಮಾತ್ರ ಸರಿಯಾದ ಬಾಗಿಲನ್ನೇ ಹಿಡಿದು, ಗಾಜಿನ ಸ್ಲೈಡಿನ ಮೇಲೆ ಚೊಕ್ಕ ಕಂದುಬಣ್ಣ ತೋರಿಸಿತು. ಅದರಲ್ಲಿ ಉಳಿದದ್ದು ಕಿರುಬೆರಳಿನಷ್ಟು ಸೀಸೆಯ ತಳದಲ್ಲಿ ನಾಲ್ಕೈದು ಹನಿ. ಬಾಸ್ ಶಶಿಕಾಂತ ಗಡುವು ಹಾಕಿದ್ದ: "ಸೋಮವಾರ ಸಂಜೆಯೊಳಗೆ ಇನ್ನೊಂದ್ಸಲ ಕಂದುಬಣ್ಣ ತೋರಿಸ್ಬೇಕು ಸಲೀಂ. ಇಲ್ಲಾಂದ್ರೆ ಪ್ರಾಜೆಕ್ಟ್ ಕ್ಲೋಸ್."

ಭಾನುವಾರ ಬಿರುಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದು ಬಾಥೆಲ್‌ನಲ್ಲಿ ಕರೆಂಟು ಹೋಯಿತು. ಸಲೀಂ ಹಸುಗೂಸನ್ನು ಎತ್ತಿಕೊಂಡಂತೆ ಸೀಸೆಯನ್ನು ಎತ್ತಿಕೊಂಡು ಮನೆಗೆ ಬಂದ. ಖಾಲಿ ಮೊಸರು ಡಬ್ಬಿಯೊಂದರಲ್ಲಿ ಐಸ್ ಪ್ಯಾಕುಗಳ ನಡುವೆ ಅದನ್ನು ಮಲಗಿಸಿ ಫ್ರೀಜರಿಗೆ ತಳ್ಳಿದ. ಅಲ್ಲಿ ಆಗಲೇ ಅಂಥವೇ ನಾಲ್ಕು ಡಬ್ಬಿ ಇದ್ದವು. ಒಂದರಲ್ಲೂ ಮೊಸರಿರಲಿಲ್ಲ.

ಆ ರಾತ್ರಿ ಊಟಕ್ಕೆ ಸಹೋದ್ಯೋಗಿ ಪ್ರಶಾಂತ ಬಂದಿದ್ದ. ಬಾಗಲಕೋಟೆಯವನು, ಈಗಿನ ಮನೆ ಹತ್ತಿರದ ಟೋಟೆಮ್ ಲೇಕ್‌ನಲ್ಲಿ. ಯಾರ ದನಿಯನ್ನಾದರೂ ಗಂಟಲಿನಿಂದ ತೆಗೆಯಬಲ್ಲ ಭೂಪ. ಬಿರಿಯಾನಿಯ ನಡುವೆ ಶಶಿಕಾಂತನ ದನಿಯಲ್ಲಿ "ಸಲೀಂ, ಸ್ಲೈಡ್ ಎಲ್ರೀ?" ಅಂದಾಗ ಸಲೀಂ ತುತ್ತು ಬಾಯಲ್ಲೇ ಇಟ್ಟುಕೊಂಡು ಎದ್ದು ನಿಂತುಬಿಟ್ಟಿದ್ದ. ಹೊರಡುವಾಗ ಸಲೀಂನ ತಾಯಿ ಅಖ್ತರ್ ಜಹಾನ್ ಪ್ರಶಾಂತನ ಕೈಗೆ ಡಬ್ಬಿಯೊಂದನ್ನು ಕೊಟ್ಟು, "ನಿಮ್ಮಮ್ಮನಿಗೆ ಗಜ್ಜರಿ ಹಲ್ವಾ ಕೊಡು ಬೇಟಾ" ಅಂದಿದ್ದರು.

ಸೋಮವಾರ ಬೆಳಿಗ್ಗೆ ಸಲೀಂ ಫ್ರೀಜರ್ ತೆಗೆದ. ಮೊದಲ ಡಬ್ಬಿ ಪುದೀನ ಚಟ್ನಿ, ಎರಡನೆಯದು ಶುಂಠಿ ಬೆಳ್ಳುಳ್ಳಿ, ಮೂರನೆಯದು ಖೀಮಾ. ನಾಲ್ಕನೆಯದು ಗಜ್ಜರಿ ಹಲ್ವಾ.

"ಅಮ್ಮೀ! ಹಲ್ವಾ ಇಲ್ಲೇ ಇದೆ!"

"ಹಾಗಾದ್ರೆ ಚನ್ನಬಸಮ್ಮನಿಗೆ ಏನು ಕಳಿಸ್ದೆ ನಾನು?" ಅಖ್ತರ್ ಜಹಾನ್ ಗಲ್ಲದ ಮೇಲೆ ಬೆರಳಿಟ್ಟುಕೊಂಡರು.

"ನನ್ನ ನೌಕರಿ ಕಳಿಸಿದ್ದೀರಿ!"

ಪ್ರಶಾಂತ ಫೋನ್ ಎತ್ತಲಿಲ್ಲ. ಸಲೀಂ ಅವನ ತಾಯಿ ಚನ್ನಬಸಮ್ಮನ ನಂಬರಿಗೇ ಕಾಲ್ ಮಾಡಿದ.

"ಹೂಂನಪಾ ಸಲೀಂ, ಡಬ್ಬಿ ಬಂತು. ಹಲ್ವಾ ಎಲ್ಲೈತೋ? ಒಂದು ಸಣ್ಣ ಸೀಸಿ ಇತ್ತು. ನಿಮ್ಮವ್ವ ಅತ್ತರ ಕಳಿಸ್ಯಾಳಂತ ಕಿವಿ ಹಿಂದ ಹಚ್ಚಿಕೊಂಡೆ. ವಾಸನೀನ ಇಲ್ಲ ನೋಡಪಾ!"

ಸಲೀಂ ಕಾರಿನ ಕೀ ಕೈಗೆತ್ತಿಕೊಂಡ. "ಅಮ್ಮಾ, ಎಷ್ಟ್ ಹನಿ?"

"ಈ ಕಿವಿಗೆ ಎರಡು, ಆ ಕಿವಿಗೆ ಎರಡು. ಗುಡಿಗೆ ಹೊಂಟೀನಿ, ಇಡ್ತೀನಿ."

ನಾಲ್ಕರಲ್ಲಿ ಒಂದು ಹನಿ ವಾಪಸ್ಸು ಸಿಕ್ಕರೂ ಒಂದು ಸ್ಲೈಡಿಗೆ ಸಾಕು! ಮುಳುಗುವವನಿಗೆ ಹುಲ್ಲುಕಡ್ಡಿಯಾದರೆ ಸಲೀಂನಿಗೆ ಕಿವಿ ಒರೆಸುವ ಹತ್ತಿಕಡ್ಡಿ. ಅದನ್ನೇ ಹಿಡಿದು ಬಾಥೆಲ್ ಗುಡಿಯತ್ತ ಕಾರು ಓಡಿಸಿದ. ಬೂಟು ಬಿಚ್ಚಿ ಒಳಗೆ ಹೋದರೆ, ಕಂಬದ ಬಳಿ ಇಳಕಲ್ ಸೀರೆಯ ಅಜ್ಜಿಯೊಬ್ಬರು ಬೆನ್ನು ಹಾಕಿ ಕೂತು ಕಣ್ಣು ಮುಚ್ಚಿದ್ದಾರೆ. ಸಲೀಂ ಬೆಕ್ಕಿನಂತೆ ಹಿಂದಿನಿಂದ ಹೋಗಿ, ಹತ್ತಿಕಡ್ಡಿಯನ್ನು ಕಿವಿಯ ಹಿಂದೆ ಮೆಲ್ಲಗೆ ಆಡಿಸಿದ.

"ಅಯ್ಯಯ್ಯೋ! ನನ್ನ ಓಲೆ!" ಅಜ್ಜಿ ಗಕ್ಕನೆ ತಿರುಗಿದರು. ಚನ್ನಬಸಮ್ಮ ಅಲ್ಲ, ಬೆಟ್ಟಮ್ಮ ಅನ್ನುವ ಬೇರೆ ಯಾರೋ. "ಯಾವೂರೋ ನಿಂದು?"

"ಮೈ... ಮೈಸೂರು, ಅಜ್ಜಿ."

"ಮೈಸೂರೋನಾಗಿ ನಮ್ಮೂರ್ ಮುದುಕಿ ಓಲೆಗೇ ಕೈ ಹಾಕ್ತೀಯಾ? ಬೇರೆ ಊರೋರು ಯಾರೂ ಸಿಗ್ಲಿಲ್ವಾ?"

"ಓಲೆ ಅಲ್ಲ ಅಜ್ಜಿ, ಕಿವಿ ಹಿಂದೆ ಹಸಿವಿನ ರಿಸೆಪ್ಟರ್ ಹುಡುಕೋ..."

ಬೆಟ್ಟಮ್ಮನಿಗೆ 'ಹಸಿವು' ಒಂದೇ ಅರ್ಥವಾದದ್ದು. ಮುಖ ಕರಗಿತು. "ಹಂಗನ್ನು ಮತ್ತೆ! ಹೊಟ್ಟೆಗಿಲ್ದೆ ತಲೆ ಕೆಟ್ಟಿದೆ ಮಗೂಗೆ. ಕೂತ್ಕೋ." ಎರಡು ದೊನ್ನೆ ಪುಳಿಯೋಗರೆ ತಿನ್ನಿಸದೆ ಅವರು ಅವನನ್ನು ಏಳಗೊಡಲಿಲ್ಲ. ಅಷ್ಟು ಹೊತ್ತು ಕಾದರೂ ಚನ್ನಬಸಮ್ಮನ ಸುಳಿವಿಲ್ಲ.

ಹನ್ನೊಂದಕ್ಕೆ ಪ್ರಯೋಗಾಲಯ ತಲುಪಿದಾಗ ಸಲೀಂನ ಶರ್ಟಿನ ಮೇಲೆ ಪುಳಿಯೋಗರೆಯ ಗೊಜ್ಜು ಚೊಕ್ಕ ಕಂದುಬಣ್ಣ ತೋರಿಸುತ್ತಿತ್ತು. ಶಶಿಕಾಂತ ಎದುರಿಗೇ ನಿಂತಿದ್ದ, ಪಕ್ಕದಲ್ಲಿ ಪ್ರಶಾಂತ.

"ಆಂಟಿಬಾಡಿ ಎಲ್ಲಿ, ಸಲೀಂ?"

ಸಲೀಂ ತಲೆ ತಗ್ಗಿಸಿದ. "ಚನ್ನಬಸಮ್ಮನೋರ ಕಿವಿ ಹಿಂದೆ, ಸರ್."

"ಬಾರಪಾ ಸಲೀಂ, ಕಿವಿ ಒರಸ್ಬಾ!" ಚನ್ನಬಸಮ್ಮನ ದನಿ ಕೇಳಿತು. ಸಲೀಂ ಸುತ್ತಲೂ ನೋಡಿದ. ಚನ್ನಬಸಮ್ಮ ಎಲ್ಲೂ ಇಲ್ಲ. ಪ್ರಶಾಂತನ ಬಾಯಿ ಮಾತ್ರ ಇನ್ನೂ ತೆರೆದಿತ್ತು.

"ನೀನಾ? ಬೆಳಿಗ್ಗೆ ಫೋನಲ್ಲೂ ನೀನೇನಾ?"

"ಅವ್ವ ಜಳಕಕ್ಕ ಹೋಗಿದ್ಲು, ಫೋನು ನನ್ ಕೈಗೆ ಸಿಕ್ತು!" ಪ್ರಶಾಂತ ಹೊಟ್ಟೆ ಹಿಡಿದುಕೊಂಡ. "ನಿನ್ನೆ ಕಾರಲ್ಲಿ ಒಂದ್ ಚಮಚ ಹಲ್ವಾ ಕದಿಯೋಣ ಅಂತ ಡಬ್ಬಿ ತೆಗೆದ್ರೆ ನಿನ್ನ ಸೀಸೆ! ನಮ್ಮನೆ ಫ್ರೀಜರಲ್ಲಿ ರಾಜನ ಹಂಗೆ ಮಲಗಿತ್ತು. ಹೆದರ್ಬೇಡ, ಅವ್ವನ ಕೈಲೇ ಚೀಲಕ್ಕೆ ಹಾಕಿಸ್ಕೊಂಡು ತಂದಿದೀನಿ." ಶಶಿಕಾಂತ ನಕ್ಕ, ಇಡೀ ಪ್ರಯೋಗಾಲಯ ನಕ್ಕಿತು. ಸಲೀಂನಿಗೆ ನಗು ಬರಲಿಲ್ಲ, ಜೀವ ಬಂತು.

ಪ್ರಶಾಂತ ಊಟದ ಚೀಲದಿಂದ ಮೊಸರು ಡಬ್ಬಿ ಎತ್ತಿ ಜಾದೂಗಾರನಂತೆ ಮುಚ್ಚಳ ತೆಗೆದ.

ಒಳಗೆ ಶೇಂಗಾ ಹೋಳಿಗೆ. ಬಿಸಿ ಇನ್ನೂ ಆರಿರಲಿಲ್ಲ.

ಪ್ರಶಾಂತನ ನಗು ಅರ್ಧಕ್ಕೇ ನಿಂತಿತು. ಮನೆಗೆ ಫೋನ್ ಮಾಡಿ ಸ್ಪೀಕರ್ ಒತ್ತಿದ. "ಅವ್ವಾ, ಫ್ರೀಜರದಾಗಿನ ಡಬ್ಬಿ..."

"ನಾನ ನಿನ್ನ ಚೀಲಕ್ಕ ಇಟ್ಟೀನಲ್ಲೋ. ಮಂದಿ ಡಬ್ಬಿ ಖಾಲಿ ಕಳಸಬಾರದಂತ ಹೋಳಿಗಿ ತುಂಬೀನಿ, ಸಲೀಂಗ ಕೊಡು. ಒಳಗ ಒಂದು ಸಣ್ಣ ಸೀಸಿ ಇತ್ತು ನೋಡು. ಅವರವ್ವ ಅತ್ತರ ಕಳಿಸ್ಯಾಳಂತ ಕಿವಿ ಹಿಂದ ಹಚ್ಚಿಕೊಂಡೆ. ವಾಸನೀನ ಇಲ್ಲಪಾ! ಅದಕ್ಕ ಸೀಸಿ ತೊಳದು ಒಣಗಾಕ ಇಟ್ಟೀನಿ."

ಶಶಿಕಾಂತ ಕನ್ನಡಕ ತೆಗೆದ. ಪ್ರಶಾಂತ ಸುಣ್ಣದಂತೆ ಬಿಳುಚಿದ.

ಸಲೀಂ ಮಾತ್ರ ಒಂದು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡು, ಪ್ರಶಾಂತನ ಬೆನ್ನಿಗೆ ದಪ್ಪನೆ ಗುದ್ದಿ, ಕಣ್ಣಲ್ಲಿ ನೀರು ಬರುವಷ್ಟು ಗಹಗಹಿಸಿ ನಕ್ಕ.

"ಸಾಕು ಮಾರಾಯ! ಒಂದೇ ಜೋಕಿಗೆ ಎರಡು ಸಲ ಬೀಳೋಕೆ ನಾನೇನು ಪೆದ್ದನಾ? ಅಲ್ವೋ, ಬಾಯಿ ಅಲ್ಲಾಡಿಸ್ದೆ ಮಾತಾಡೋದು ಯಾವಾಗ ಕಲಿತೆ?"