ಕಂಬಳಿಯ ಗೋಡೆ

ಸಹೃದಯ ಶಿರೋಮಣಿಗಳಾದ ವಾಚಕ ಮಹಾಶಯರೇ! ಕೋಟೆಗೋಡೆಗಳ ದೆಸೆಯಿಂದ ಉಳಿದ ಹಾಗೂ ಅಳಿದ ಸಾಮ್ರಾಜ್ಯಗಳ ವೃತ್ತಾಂತಗಳನ್ನು ತಾವು ಅನೇಕ ಗ್ರಂಥಗಳಲ್ಲಿ ಓದಿರಬಹುದು. ಒಂದು ಕಂಬಳಿಯ ಗೋಡೆಯಿಂದ ಒಬ್ಬ ಸಜ್ಜನನಿಗೊದಗಿದ ಅವಸ್ಥೆಯನ್ನು ಯಾವ ಗ್ರಂಥಕಾರನೂ ಬರೆದಂತಿಲ್ಲ. ಆ ಕಂಬಳಿ ನನ್ನದೇ ಆಗಿದ್ದುದರಿಂದ ಅದನ್ನು ಅರಿಕೆ ಮಾಡುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ.

ವಿಲೆ ಪಾರ್ಲೆಯ ಚಾಳೊಂದರ ಮಾಳಿಗೆಯಲ್ಲಿ ಧಾರವಾಡದ ಶಂಕ್ರೆಪ್ಪನಿಗೆ ಒಂದೇ ಒಂದು ಖೋಲಿಯಿತ್ತು. ಸೀರೆಯ ಅಂಚಿಗೆ ನಮೂನೆ ಬರೆಯುವುದು ಅವನ ಉದ್ಯೋಗ. ನಾಚುವುದು ಅವನ ಸ್ವಭಾವ. ಹೋಟೆಲಿನ ಮಾಣಿ ತಪ್ಪಿ ಬೇರೆಯವರ ದೋಸೆ ತಂದಿಟ್ಟರೆ ಕ್ಷಮೆ ಕೇಳಿಕೊಂಡು ಅದನ್ನೇ ತಿನ್ನುವ ಮನುಷ್ಯ. ಊರೂರು ಅಲೆಯುವ ನನಗೂ 'ಇಲ್ಲ' ಎನ್ನಲಾರದೆ, ಮೂಲೆಯಲ್ಲಿ ಟ್ರಂಕು ಇಟ್ಟು ಮಲಗಲು ಜಾಗ ಕೊಟ್ಟಿದ್ದನು.

ಅಂದು ಸಂಜೆ ಬಟ್ಟೆ ಗಿರಣಿಯ ಡಿಸೈನ್ ಮಾಸ್ತರರಾದ ವಿಜಾಪುರದ ಸಿದ್ದರಾಮಪ್ಪನವರು ಅವನ 'ಸ್ಟುಡಿಯೊ' ನೋಡಲು ಬರುವವರಿದ್ದರು. ಮೆಚ್ಚಿದರೆ ದೀಪಾವಳಿಯ ಸೀರೆಗಳ ಅಂಚೆಲ್ಲ ಶಂಕ್ರೆಪ್ಪನದು. ಮೆಚ್ಚದಿದ್ದರೆ ಊರಿಗೆ ಮರಳಿ ಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವುದು. ನಮೂನೆಗಳನ್ನೆಲ್ಲ ಒಟ್ಟಿಗೆ ಹಚ್ಚಿ ತೋರಿಸಬೇಕು. ಆದರೆ ಗೋಡೆಗೆ ಮೊಳೆ ಹೊಡೆಯಕೂಡದೆಂದು ಚಾಳಿನ ಮಾಲಿಕನ ಕಟ್ಟಪ್ಪಣೆ. ಹೊಡೆದಿದ್ದರೂ ಫಲವಿರಲಿಲ್ಲ, ಸೀನಿದರೆ ಸುಣ್ಣ ಉದುರುವ ಗೋಡೆ ಅದು.

ಆದಕಾರಣ ಶಂಕ್ರೆಪ್ಪ ಸ್ವಂತ ಗೋಡೆಯನ್ನೇ ನಿರ್ಮಿಸಿದನು. ಬಿದಿರಿನ ಗಳಗಳನ್ನು ಚೌಕಟ್ಟಾಗಿ ಬಿಗಿದು, ಕೆಳಗಿನ ಉಡುಪಿ ಹೋಟೆಲಿನ ಹಳೆಯ ಗೋಣಿಗಳನ್ನು ಬಿಚ್ಚಿ ಅದಕ್ಕೆ ಹೊಲಿದು, ಮೇಲೆ ನನ್ನ ಕರಿಯ ಕಂಬಳಿಯನ್ನು ಎಳೆದು ಕಟ್ಟಿದನು. ಕಪ್ಪಿನ ಮೇಲೆ ಬಣ್ಣಗಳು ಎದ್ದು ಕಾಣುತ್ತಿದ್ದವು. ಗುಂಡುಸೂಜಿ ಎಲ್ಲಿ ಚುಚ್ಚಿದರೂ ನಿಲ್ಲುತ್ತಿತ್ತು. ಬೆಳಕು ಬೀಳುವುದು ನಡುವೆ ಮಾತ್ರವಾದ್ದರಿಂದ, ಓಡಾಡಲು ಒಂದು ಸಂದು ಬಿಟ್ಟು, ಖೋಲಿಯ ನಟ್ಟನಡುವೆ ತೊಲೆಗೆ ಹಗ್ಗ ಕಟ್ಟಿ ನಿಲ್ಲಿಸಿದನು. ಗಂಟು ಬಿಚ್ಚಿದರೆ ಗೋಡೆ ಮಾಯ.

"ಸಂಜಿಗೆ ನಿಮ್ಮ ಕಂಬಳಿ ನಿಮಗ ಕೊಡ್ತೀನ್ರೀ," ಎಂದು ನನ್ನೆದುರೂ ನಾಚಿದನು.

ಗೋಡೆಗೆ ಎರಡು ಮಗ್ಗುಲುಗಳಿರುತ್ತವೆ ಎಂಬುದನ್ನು ಆ ಸಾಧು ಮರೆತಿದ್ದನು. ಮುಂಬಯಿ ಮರೆತಿರಲಿಲ್ಲ.

ಮೊದಲು ಇಣುಕಿದವರು ಪಕ್ಕದ ಖೋಲಿಯ, ಬೆಳಗಾವಿಯ ಗಂಗುಬಾಯಿ. ಚಾಳಿಗೆ ಅವರಿದ್ದ ಮೇಲೆ ವರ್ತಮಾನಪತ್ರಿಕೆಯ ಅಗತ್ಯವಿರಲಿಲ್ಲ.

"ಅಯ್ಯ, ಶಂಕ್ರೆಪ್ಪಾ! ಅಡ್ಡಗ್ವಾಡಿ ಹಾಕಿಯಲ್ಲೋ! ಹುಡುಗಿ ಯಾವೂರಾಕಿ?"

"ಹುಡುಗಿ ಇಲ್ರೀ ಕಾಕೂ. ಚಿತ್ರಾ ಹಚ್ಚಾಕ..."

"ಚಿತ್ರಾ ಹಚ್ಚಾಕ ಯಾರರ ಮನಿ ಎರಡು ಮಾಡ್ತಾರೇನೋ ಖೋಡಿ? ನಾಚಬ್ಯಾಡ, ಹೇಳು!"

ಶಂಕ್ರೆಪ್ಪನ ಮುಖ ಕೆಂಪಾಯಿತು. ಚಾಳಿಗೆ ಅದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿರಲಿಲ್ಲ. "ಆಕಿ ಬರೂತನಾ ಖಾಲಿ ಐತೆಲ್ಲ," ಎನ್ನುತ್ತ ಗಂಗುಬಾಯಿ ತಮ್ಮ ಉಪ್ಪಿನಕಾಯಿ ಭರಣಿಗಳನ್ನು ತಂದು ಗೋಡೆಯಾಚೆ ಸಾಲಾಗಿ ಇಟ್ಟರು.

ಮಧ್ಯಾಹ್ನ ಕೆಳಗಿನ ಹೋಟೆಲಿನ ಮಾಲಿಕ ಮೋನಪ್ಪ ಗಲ್ಲಾಪೆಟ್ಟಿಗೆಯಿಂದೆದ್ದು ಬಂದನು. ಹಿಂದೆ, ನಿಂತಲ್ಲೇ ತೂಕಡಿಸುತ್ತ, ಅವನ ಭಾವಮೈದುನ ಅಣ್ಣು.

"ಮದುವೆ ಸುದ್ದಿ ಕೇಳಿ ಖುಷಿಯಾಯ್ತು ಮಾರಾಯ್ರೆ! ಆಚೆ ಬದಿ ಖಾಲಿ ಉಂಟಲ್ಲ, ಇವನಿಗೆ ರಾತ್ರಿ ಡ್ಯೂಟಿ, ಒಂದು ಗಳಿಗೆ ಅಡ್ಡಾಗ್ಲಿ. ಗೋಣಿ ಹೇಗೂ ನಮ್ಮದೇ ಅಲ್ವಾ?"

ಗೋಣಿಯ ಋಣ ದೊಡ್ಡದು. ಅಣ್ಣು ಭರಣಿಗಳ ನಡುವೆ ಮೊಸಳೆಯಂತೆ ಚಾಚಿಕೊಂಡನು.

ಸಂಜೆ ಸಿದ್ದರಾಮಪ್ಪನವರು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. ನಮೂನೆ ನೋಡುವ ಮೊದಲೇ, "ನಳದಾಗ ನೀರು ಎಷ್ಟೊತ್ತಿಗೆ ಬರ್ತದೋ ಇಲ್ಲಿ? ಸ್ಟೇಶನ್ ಭಾಳ ದೂರೇನು?" ಎಂದು ವಿಚಾರಿಸಿದರು. ಬಳಿಕ ಕನ್ನಡಕ ಏರಿಸಿ ಗೋಡೆಯೆದುರು ನಿಂತರು.

ಅದೇ ಹೊತ್ತಿಗೆ ಆಚೆ ಮಗ್ಗುಲು ಬದಲಿಸಿದ ಅಣ್ಣುವಿನ ಬೆನ್ನು ಗೋಣಿಗೆ ತಾಗಿತು. ಅವನ ಒಂದೊಂದು ಗೊರಕೆಗೂ ಗೋಡೆ ಉಬ್ಬಿ ತಗ್ಗತೊಡಗಿತು. ನಮೂನೆಗಳ ನವಿಲುಗಳು ತಲೆದೂಗಿದವು, ಮಾವಿನಕಾಯಿಗಳು ಬಿರುಗಾಳಿಗೆ ಸಿಕ್ಕಂತೆ ಓಲಾಡಿದವು.

"ಗ್ವಾಡಿ ಉಸಿರಾಡಲಿಕತ್ತದಲ್ಲೋ?"

"ಗಾ... ಗಾಳಿರೀ ಮಾಸ್ತರ್."

"ಭಾವಾ, ಒಂದು ಚಾ ಹೇಳಿ!" ಎಂದು ಕನವರಿಸಿತು ಗೋಡೆ.

ಶಂಕ್ರೆಪ್ಪ ನೆಲದ ಬಿರುಕುಗಳನ್ನು ನೋಡಿದನು. ಅಡಗುವಷ್ಟು ಅಗಲವಾದುದು ಒಂದೂ ಇರಲಿಲ್ಲ. ಅಷ್ಟರಲ್ಲಿ ಗಂಗುಬಾಯಿ ಬೆಲ್ಲ ನೀರು ಹಿಡಿದು ಒಳಬಂದರು. "ಬೀಗರು ಬಂದ್ರೇನು! ಕುಂದರ್ರಿ. ನಿಮ್ಮ ಹುಡುಗಿ ಪುಣ್ಯಾ ಮಾಡ್ಯಾಳ. ಮುಂಬಯಿದಾಗ ಎರಡು ಖೋಲಿ ಮನಿ ಅಂದ್ರ ಸುಮ್ಮನೇನು?"

"ಎರಡು ಖೋಲಿ?" ಸಿದ್ದರಾಮಪ್ಪನವರು ಸಂದಿನಲ್ಲಿ ತಲೆ ತೂರಿಸಿ ಆಚೆಗೆ ಬಹಳ ಹೊತ್ತು ನೋಡಿದರು.

"ತಪ್ಪಾತ್ರೀ," ಎಂದ ಶಂಕ್ರೆಪ್ಪನ ದನಿ ಅಳುವಿಗೆ ಬಂದಿತ್ತು. "ಇದು ಬರೇ ಕಂಬಳಿ. ಈಗ ಬಿಚ್ಚತೀನಿ." ಗಂಟಿಗೆ ಕೈಹಾಕಿದನು.

"ಮುಟ್ಟಬ್ಯಾಡ!" ಎಂದು ಮಾಸ್ತರರು ಗುಡುಗಿದರು. ಮರುಕ್ಷಣವೇ ದನಿ ಕರಗಿತು. "ಬಾಂದ್ರಾದಾಗ ತಂಗಿ ಮನ್ಯಾಗ ಅಡಗಿಮನಿ ಹೊಸ್ತಿಲಕ್ಕ ಮಲಗತೀನೋ ತಮ್ಮಾ. ಮುಂಜಾನೆ ಎಲ್ಲಾರೂ ನನ್ನ ದಾಟಿಕೊಂಡ ಹೋಗ್ತಾರ. ಪಗಡಿ ರೊಕ್ಕಾ ಕೇಳದ ಅರ್ಧಾ ಖೋಲಿ ಈ ಊರಾಗ ಯಾರು ಕೊಡ್ತಾರ? ಇವತ್ತ ಬರ್ತೀನಿ. ನೀ ಒಲ್ಲೆ ಅನ್ನಂಗಿಲ್ಲ ಹೌದಲ್ಲೋ?"

ಒಲ್ಲೆ ಎನ್ನಲು ಶಂಕ್ರೆಪ್ಪನಿಗೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಲ್ಲದೆ, ಮಾಸ್ತರರೇ ಮನೆಗೆ ಬಂದ ಮೇಲೆ ಕೆಲಸ ಎಲ್ಲಿ ಹೋದೀತು?

ದೀಪ ಹಚ್ಚುವ ಹೊತ್ತಿಗೆ ಹಾಸಿಗೆಯ ಸುರುಳಿ, ಸ್ಟೋವು, ತಂಬಿಗೆಗಳೊಡನೆ ಮಾಸ್ತರರು ಮರಳಿದರು. ಅಣ್ಣುವನ್ನು ಸಾಮಾನಿನಂತೆ ಎತ್ತಿ ಈಚೆಗೆ, ನನ್ನ ಮೂಲೆಗೆ, ಸಾಗಿಸಲಾಯಿತು, ಅವನಿಗೆ ಎಚ್ಚರವಾಗಲಿಲ್ಲ. ಎಲ್ಲ ನೆಲೆಗೊಂಡ ಬಳಿಕ ಶಂಕ್ರೆಪ್ಪ ಜನ್ಮದಲ್ಲಿ ಮೊದಲ ಬಾರಿ ಧೈರ್ಯ ಮಾಡಿ ಕೇಳಿದನು.

"ಮಾಸ್ತರ್, ದೀಪಾವಳಿ ಅಂಚಿನ ಕೆಲಸಾ..."

"ಖರೇ ಹೇಳ್ತೀನಿ, ನಿನ್ನಷ್ಟು ಚೊಲೋ ಯಾರೂ ಬರದಿಲ್ಲ," ಎಂದಿತು ಗೋಡೆಯಾಚೆಯ ದನಿ. "ನಿನಗ ಕೊಡಬೇಕಂತ ಮಾಡಿದ್ದೆ. ಆದರ ಈಗ ಒಂದ ಮನ್ಯಾಗ ಇರ್ತೀವಿ. ಮನಿಯವಗ ಕೆಲಸಾ ಕೊಟ್ಟಾನಂತ ಗಿರಣಿ ಮಂದಿ ನನ್ನ ಮಾರಿಗೆ ಉಗಳೂದಿಲ್ಲೇನು? ಮನಷ್ಯಾಗ ನಾಚಿಕಿ ಅನ್ನೂದು ಇರಬೇಕಪಾ. ಮತ್ತ ಆ ಚಿತ್ರಾ ಎಲ್ಲಾ ತಗದಬಿಡು. ಸೂಜಿ ನನ್ನ ಬೆನ್ನಿಗೆ ಚುಚ್ಚತಾವ."

ಶಂಕ್ರೆಪ್ಪ ಒಂದೊಂದೇ ಸೂಜಿಯನ್ನು ಕೀಳತೊಡಗಿದನು. ನವಿಲುಗಳು ಇಳಿದವು, ಮಾವಿನಕಾಯಿಗಳು ಇಳಿದವು. ಗೋಡೆ ಮಾತ್ರ ಉಳಿಯಿತು.

"ನಿಮ್ಮ ಕಂಬಳಿ..." ಎಂದು ನನ್ನ ಕಡೆಗೆ ತಿರುಗಿದವನು ಮುಖವೆತ್ತಲಿಲ್ಲ.

"ಇರಲಿ ಬಿಡಿ," ಎಂದೆನು. ಒಬ್ಬರ ಮನೆಯ ಗೋಡೆಯನ್ನು ಹೊದೆಯಲು ಕೇಳುವಷ್ಟು ನಾಚಿಕೆಗೆಟ್ಟವನು ನಾನೂ ಅಲ್ಲ. ಅಂಗಿಗಳನ್ನು ಮಡಚಿ ಟ್ರಂಕಿಗೆ ತುಂಬಿ, ಅಣ್ಣುವಿನ ಕಾಲುಗಳನ್ನು ದಾಟಿ ಮೆಟ್ಟಿಲಿಳಿದೆನು. ಕಾಂದಿವಲಿಯಲ್ಲಿ ಪರಿಚಿತನೊಬ್ಬನಿಗೆ ಇನ್ನೂ ಒಂದೇ ಆಗಿ ಉಳಿದಿರುವ ಖೋಲಿಯಿದೆಯೆಂದು ಕೇಳಿದ್ದೆ. ಲೋಕಲ್ ಹಿಡಿಯಲು ಟ್ರಂಕನ್ನು ಹೆಗಲಿಗೇರಿಸಿ ಸ್ಟೇಶನ್ನಿನ ಕಡೆ ನಡೆದೆನು.