ರೆಕ್ಕೆ ಹಸುವಿನ ಕೆಚ್ಚಲು

ಮ್ಯೂಸಿಯಂನಲ್ಲಿ ಕಾವಲು ಕೂರುವವಳಿಗೆ ಮುಖ್ಯವಾಗಿ ಬೇಕಾದ ಅರ್ಹತೆ ನಗದೇ ಇರುವುದು. ಅದು ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಮ್ಮತ್ತೆ ಹೇಳುತ್ತಾರೆ. ಆದರೂ ಶ್ರೀರಂಗಪಟ್ಟಣದ ನಮ್ಮ ಪುಟ್ಟ ಮ್ಯೂಸಿಯಂನಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕಳೆದ ವರ್ಷ ಕಲ್ಪನಾಲೋಕದ ಚಿತ್ರಗಳ ಪ್ರದರ್ಶನ ಇಟ್ಟಾಗಲಂತೂ ಆ ಅರ್ಹತೆಗೇ ಕುತ್ತು ಬಂದಿತ್ತು.

ಚಿತ್ರಗಳನ್ನೆಲ್ಲ ಬರೆದವರು ಕೆ.ಆರ್. ಪೇಟೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳ ಕೈಲಿ ಹೂಜಿ, ಬಾಳೆಹಣ್ಣು ಬರೆಸಿ, ಮನೆಗೆ ಬಂದು ತಾವು ಎಂಟು ಕೈಯ ಹುಡುಗಿ, ಆಕಾಶದಲ್ಲಿ ಹರಿಯುವ ಹೊಳೆ, ರೆಕ್ಕೆಯ ಹಸು ಬರೆಯುತ್ತಿದ್ದರಂತೆ. ಇದು ಅವರ ಮೊದಲ ಪ್ರದರ್ಶನ. ಕ್ಯುರೇಟರು ಅವರಿಗೆ ಹೇಳಿದ್ದರು: "ಕೊನೇ ದಿನ ಸಮಿತಿಯವರು ಬರ್ತಾರೆ ಮೇಷ್ಟ್ರೇ. ಒಪ್ಪಿದರೆ ನಿಮ್ಮ ಹಸುವನ್ನ ಇಲ್ಲೇ ಶಾಶ್ವತವಾಗಿ ಇಟ್ಕೊಳ್ತೀವಿ. ಇಲ್ಲದಿದ್ದರೆ ವಾಪಸ್ ತಗೊಂಡು ಹೋಗ್ಬೇಕು." ಮನೆಯಲ್ಲಿ ಆ ಹಸು ಹನ್ನೊಂದು ವರ್ಷ ಮಂಚದ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತಂತೆ. ಹಾಗಾಗಿ ಮೇಷ್ಟ್ರು ದಿನಾ ಬಸ್ಸು ಹತ್ತಿ ಬಂದು, ಜನ ಏನನ್ನುತ್ತಾರೆಂದು ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಪಾಪ, ಕೇಳಿಸಿಕೊಂಡರು.

ದೇವರಲ್ಲ

ಎಂಟು ಕೈಯ ಹುಡುಗಿ ಎರಡು ಕೈಯಲ್ಲಿ ಮುದ್ದೆ ಕಟ್ಟುತ್ತಾಳೆ, ಒಂದರಲ್ಲಿ ಹೋಂವರ್ಕ್ ಬರೆಯುತ್ತಾಳೆ, ಇನ್ನೊಂದರಲ್ಲಿ ತಲೆ ಕೆರೆದುಕೊಳ್ಳುತ್ತಾಳೆ. ಆದರೆ ಕೈ ಎಂಟಿದೆಯಲ್ಲ, ಜನ ಚಪ್ಪಲಿ ಹೊರಗೆ ಬಿಟ್ಟು ಬರತೊಡಗಿದರು. ಮೂರನೇ ದಿನ ಫ್ರೇಮಿನ ಕೆಳಗೆ ಕಾಕಡ ಹೂವು ಬಿತ್ತು. ಕ್ಯುರೇಟರು ಸಿಟ್ಟಾಗಿ "ಇದು ದೇವರಲ್ಲ, ಚಿತ್ರ" ಎಂದು ಬೋರ್ಡ್ ಬರೆಸಿ ಹಾಕಿದರು.

ಮಾರನೇ ದಿನ ಒಬ್ಬ ಅಜ್ಜಿ ಬೋರ್ಡನ್ನು ನನ್ನ ಕೈಲಿ ಓದಿಸಿದರು. "ಅಂಗಾ? ಇರ್ಲಿ ಬುಡವ್ವ, ನಿಜಾನೇ ಏಳವ್ರಲ್ಲಾ, ಸಾಕು" ಎಂದು ಬೋರ್ಡಿಗೂ ಎರಡು ಹೂವು ಇಟ್ಟು ಹೋದರು.

ಕೊನೇ ಭಾಗ

ಆಕಾಶದ ಹೊಳೆಯ ಮುಂದೆ ಪಾಂಡವಪುರ ಕಡೆಯ ಇಬ್ಬರು ರೈತರು ನಿಂತರು. ಆ ಹೊಳೆ ಮೋಡಗಳ ನಡುವೆ ಹೊರಳಿ, ತುದಿಯಲ್ಲಿ ತೆಳ್ಳಗಾಗಿ ಮಾಯವಾಗುತ್ತದೆ. ಇಬ್ಬರೂ ಕಾಲು ಗಂಟೆ ಅದನ್ನೇ ತುದಿಯಿಂದ ತುದಿವರೆಗೆ ನೋಡಿದರು. ಕಂಬದ ಹಿಂದೆ ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಕೊನೆಗೆ ಒಬ್ಬರು ಕೇಳಿದರು: "ಇದ್ರಲ್ಲಿ ನಾಲೆ ಕೊನೇ ಭಾಗುಕ್ಕೆ ನೀರು ಓಯ್ತದೇನ್ಲಾ?"

"ಎಲ್ಲೋದದು? ತುದಿ ನೋಡು, ಒಣಗೋಗೈತೆ. ಆಕಾಸದಲ್ಲಿ ಬುಟ್ರೂ ಅಷ್ಟೇ ಕಣ್ಲಾ, ಮೇಗ್ಲೋರು ಮೋಟ್ರು ಇಕ್ಕವ್ರೆ."

ಅವರು ಹೋದ ಮೇಲೆ ಮೇಷ್ಟ್ರು ನನ್ನ ಹತ್ತಿರ ಬಂದು, "ಅದು ಶೂನ್ಯದ ಸಂಕೇತ ಕಣಮ್ಮ" ಎಂದರು. ನಾಲೆಯ ಕೊನೇ ಭಾಗದಲ್ಲಿ ನಮ್ಮಪ್ಪನದೂ ಅರ್ಧ ಎಕರೆ ಇದೆ. ನಾನು ಹೂಂ ಅಂದೆ.

ಡೇರಿಯವರು

ನಾಗಮಂಗಲ ಕಡೆಯ ಒಂದು ಮಹಿಳಾ ಡೇರಿಯ ಹದಿನೈದು ಜನ ರಂಗನಾಥನ ದರ್ಶನ ಮುಗಿಸಿ, ಬಿಸಿಲಿಗೆ ಹೆದರಿ ಒಳಗೆ ಬಂದರು. ಹಸುವಿನ ಚಿತ್ರ ಕಂಡದ್ದೇ ನೆಲದ ಮೇಲೆ ಕೂತುಬಿಟ್ಟರು. ಮೇಲಕ್ಕೆ ಹಾರುತ್ತಿರುವ ಬಿಳಿ ಹಸು, ನವಿಲುಬಣ್ಣದ ರೆಕ್ಕೆ, ಕೆಚ್ಚಲು ಪೂರ್ತಿ ಕಾಣುತ್ತದೆ. ರೆಕ್ಕೆಯ ಬಗ್ಗೆ ಯಾರದೂ ತಕರಾರಿಲ್ಲ.

"ಮೇಯಕ್ಕೆ ಒಡ್ಕಂಡೋಗೋ ಕೆಲ್ಸ ಇಲ್ಲ, ಅದ್ಕದೇ ಓಯ್ತದೆ" ಎಂದರು ಒಬ್ಬರು.

"ಸಗಣಿ ಯಾರ್ ಗದ್ದೆಗೆ ಬೀಳ್ತದೋ ಏನೋ" ಎಂದು ಇನ್ನೊಬ್ಬರು ಚಿಂತೆಗೆ ಬಿದ್ದರು.

ಅಷ್ಟರಲ್ಲಿ ಡೇರಿಯ ಅಧ್ಯಕ್ಷೆ ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದರು. "ಬನ್ರಮ್ಮಿ ಇಲ್ಲಿ. ಇದ್ಕೆ ಮೂರೇ ತೊಟ್ಟು."

ಅಷ್ಟೂ ಜನ ಎದ್ದರು. ಮೇಷ್ಟ್ರು ಕಂಬದ ಹಿಂದಿನಿಂದ ಓಡಿ ಬಂದರು. "ಅಮ್ಮಾ, ಇದನ್ನ ಬರೆದೋನು ನಾನೇ. ಇದು ಕಲ್ಪನೆಯ ಹಸು!"

"ಕಲ್ಪನೆ ಆದ್ರೆ ಐದು ಇಕ್ಕಿ ಮೇಷ್ಟ್ರೆ. ಇರೋ ನಾಕ್ರಲ್ಲೂ ಯಾಕ್ ಕಮ್ಮಿ ಮಾಡೀರಿ?"

ಹೋಗುವಾಗ ಅಭಿಪ್ರಾಯ ಪುಸ್ತಕದಲ್ಲಿ ಹದಿನೈದು ಜನವೂ ಒಂದೇ ಮಾತು ಬರೆದರು: "ರೆಕ್ಕೆ ಚೆನ್ನಾಗಿದೆ. ತೊಟ್ಟು ಮೂರೇ ಇದೆ, ಕೆಚ್ಚಲಿನ ಕಡೆ ಗಮನ ಕೊಡಿ."

ಮುಟ್ಟಬೇಡಿ

ಕೊನೆಯ ದಿನ ಸಮಿತಿ ಬರುವುದು ಮೂರು ಗಂಟೆಗೆ. ಮೇಷ್ಟ್ರು ಎರಡೂವರೆಗೆ ಬಂದರು. ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಕುಂಚ, ಒಂದು ಬಿಳಿ ಬಣ್ಣದ ಟ್ಯೂಬು.

"ಮಕ್ಕಳಿಗೆ 'ನೋಡಿ ಬರೀರೋ' ಅಂತ ಜೀವಮಾನವೆಲ್ಲ ಬಡ್ಕೊಂಡೆ. ನಾನೇ ನೋಡಿಲ್ವಲ್ಲಮ್ಮ. ಒಂದು ನಿಮಿಷ ಸಾಕು."

ಗೋಡೆಗೆ ಹಾಕಿದ ಮೇಲೆ ಚಿತ್ರವನ್ನು ಬರೆದವರೂ ಮುಟ್ಟುವಂತಿಲ್ಲ. ಅದನ್ನು ಹೇಳುವುದಕ್ಕೇ ನನ್ನನ್ನು ಅಲ್ಲಿ ಕೂರಿಸಿರುವುದು. ಆದರೆ ಅವರ ಮುಖ ನೋಡಿದೆ. ಕಿಟಕಿ ಹಾಕಿ ಬರುತ್ತೇನೆ ಎಂದು ಎದ್ದೆ. ಆರು ಕಿಟಕಿಗಳನ್ನೂ ಹಾಕಿ, ತೆಗೆದು, ಮತ್ತೆ ಹಾಕಿದೆ.

ಸಮಿತಿಯವರು ಬಂದರು. ಪುಸ್ತಕ ತಿರುವಿದ ಕ್ಯುರೇಟರ ಮುಖ ಸಪ್ಪಗಾಯಿತು. "ಸರ್, ಹಸುವಿಗೆ ಮೂರೇ ತೊಟ್ಟು ಅಂತ ಜನ ಆಕ್ಷೇಪಣೆ ಬರೆದಿದ್ದಾರೆ."

ಸಮಿತಿಯ ಹಿರಿಯರೊಬ್ಬರು ಮನೆಯಲ್ಲಿ ಹಸು ಕಟ್ಟಿದವರು. ಕನ್ನಡಕ ಏರಿಸಿ ಎಣಿಸಿ, "ನಾಕ್ ಅವೆಯಲ್ರೀ?" ಎಂದರು. ಅಷ್ಟಕ್ಕೇ ಬಿಡದೆ, "ಮುಟ್ಟಬೇಡಿ" ಎಂಬ ಬೋರ್ಡಿನ ಮೇಲಿಂದಲೇ ಕೈಚಾಚಿ ನಾಲ್ಕನೆಯದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಮೇಷ್ಟ್ರು ಕಂಬ ಹಿಡಿದುಕೊಂಡರು.

ಹೆಬ್ಬೆರಳು ಬೆಳ್ಳಗಾಗಿತ್ತು.

ಹಿರಿಯರು ಅದನ್ನು ನೋಡಿದರು, ಮೂಸಿದರು, ಮೇಷ್ಟ್ರ ಜೇಬಿನ ಕುಂಚ ನೋಡಿದರು. ಕರವಸ್ತ್ರ ತೆಗೆದು ನಿಧಾನವಾಗಿ ಒರೆಸಿಕೊಂಡರು.

"ಇಲ್ಲೇ ಕಟ್ಟಾಕ್ರೀ" ಎಂದರು ಕ್ಯುರೇಟರಿಗೆ. "ಹಾಲ್ ಕೊಡ್ತಾ ಇರೋ ಹಸೂನ ಯಾರಾದ್ರೂ ಆಚೆಗೆ ಅಟ್ತಾರಾ?"